‘ವಿದ್ಯಾರ್ಥಿ’ ತಪ್ಪಾಗಿ ಕಂಡ ರಾತ್ರಿ

ಕಳೆದ ವರ್ಷದ ರಾಜ್ಯೋತ್ಸವಕ್ಕೆ ಬ್ಯಾನರ್ ಡಿಸೈನ್ ಮಾಡೋ ಕೆಲಸ ನನ್ನ ತಲೆಗೆ ಬಿದ್ದಿತ್ತು. ಬೆಳಗಾದ್ರೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕಳಿಸಬೇಕು. ಹಾಸ್ಟೆಲ್ ರೂಮಲ್ಲಿ ರಾತ್ರಿ ಒಂದೂವರೆ. ಇದ್ದದ್ದು ಒಂದೇ ಸಾಲು: ‘ಎಲ್ಲ ವಿದ್ಯಾರ್ಥಿಗಳಿಗೂ ಆದರದ ಸ್ವಾಗತ’. ಫಾಂಟ್ ಬದಲಾಯಿಸಿದೆ, ಬಣ್ಣ ಬದಲಾಯಿಸಿದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ತಾಗ್ತಿದೆ ಅಂತ ಜೂಮ್ ಮಾಡಿ ಮಾಡಿ ಸರಿಪಡಿಸಿದೆ.

ಅರ್ಧ ಗಂಟೆ ಕಳೆದ ಮೇಲೆ ಏನೋ ಆಯ್ತು. ‘ವಿದ್ಯಾರ್ಥಿ’ ಒಂದು ಪದದ ಹಾಗೆ ಕಾಣೋದೇ ನಿಂತುಹೋಯ್ತು. ಒಂದಷ್ಟು ಸುರುಳಿ, ಕೆಳಗೊಂದು ಬಾಲ, ಕೊನೆಗೊಂದು ಕೊಕ್ಕೆ. ಒಂದನೇ ಕ್ಲಾಸಿನಿಂದ ಓದ್ತಾ ಬಂದಿರೋ ಪದ ಇದೇನಾ? ಎಲ್ಲೋ ತಪ್ಪಿದೆ ಅಂತ ಅನ್ನಿಸೋಕೆ ಶುರುವಾಯ್ತು. ‘ದ’ ತೆಗೆದು ‘ಧ’ ಹಾಕಿ ನೋಡಿದೆ. ಆಹಾ, ಈಗ ಸರಿ ಇದೆ ಅನ್ನಿಸ್ತು. ಫೈಲ್ ಕಳಿಸಿ ಮಲಗಿದೆ.

ನವೆಂಬರ್ 1ರ ಬೆಳಗ್ಗೆ ಗೇಟಿನ ಸೆಕ್ಯುರಿಟಿ ಅಂಕಲ್ ಹತ್ತಡಿ ಬ್ಯಾನರ್ ನೋಡಿ ಕೇಳಿದ್ರು: “ಏನಪ್ಪಾ, ಕನ್ನಡ ಸಂಘದೋರೇ ವಿದ್ಯಾರ್ಥಿಗೆ ಹೊಟ್ಟೆ ಸೀಳಿಬಿಟ್ರೆ ಹೆಂಗೆ?”

ಆ ನಾಚಿಕೆ ಇನ್ನೂ ಹೋಗಿಲ್ಲ. ಆದ್ರೆ ಅದಕ್ಕಿಂತ ಹೆಚ್ಚಾಗಿ ತಲೆ ತಿಂದಿದ್ದು ಬೇರೆ ಪ್ರಶ್ನೆ. ನಾನು ಸರಿಯಾಗೇ ಬರೆದಿದ್ದೆ. ಸರಿ ಇದ್ದ ಪದ ನನ್ನ ಕಣ್ಣಿಗೆ ತಪ್ಪಾಗಿ ಕಂಡಿದ್ದು ಯಾಕೆ?

ಇಂಪೊಸಿಷನ್‌ನಿಂದ ಇಗ್ ನೊಬೆಲ್‌ವರೆಗೆ

ಮೊದಲ ಸಲ ನೋಡ್ತಿರೋದನ್ನ ‘ಮುಂಚೆ ಎಲ್ಲೋ ನೋಡಿದೀನಿ’ ಅನ್ನಿಸೋದಕ್ಕೆ ಡೇಜಾ ವೂ ಅಂತಾರೆ, ಇದು ಎಲ್ಲರಿಗೂ ಗೊತ್ತು. ಅದರ ಉಲ್ಟಾ ಕೂಡ ಇದೆ. ಚೆನ್ನಾಗಿ ಗೊತ್ತಿರೋದು ಇದ್ದಕ್ಕಿದ್ದಂತೆ ಅಪರಿಚಿತ ಅನ್ನಿಸೋದು. ಅದರ ಹೆಸರು ಜಾಮೇ ವೂ. ಫ್ರೆಂಚಿನಲ್ಲಿ ‘ಎಂದೂ ನೋಡಿಲ್ಲದ್ದು’ ಅಂತ ಅರ್ಥ.

ಇದನ್ನು ಲ್ಯಾಬಿನಲ್ಲಿ ಬೇಕೆಂದೇ ಉಂಟುಮಾಡಬಹುದು. ಕ್ರಿಸ್ ಮೌಲಿನ್, ಅಕಿರಾ ಓಕಾನರ್ ಮತ್ತು ಸಂಗಡಿಗರು ಮಾಡಿದ್ದು ನಮ್ಮ ಶಾಲೆಗಳಲ್ಲಿ ಮೇಷ್ಟ್ರು ಮಾಡಿಸ್ತಿದ್ದ ಕೆಲಸವನ್ನೇ: ಇಂಪೊಸಿಷನ್! 94 ವಿದ್ಯಾರ್ಥಿಗಳಿಗೆ ಒಂದೇ ಪದವನ್ನು ಮತ್ತೆ ಮತ್ತೆ ವೇಗವಾಗಿ ಬರೆಯೋಕೆ ಹೇಳಿದ್ರು. ಬೇಜಾರಾದ್ರೆ, ಕೈ ನೋವಾದ್ರೆ ಅಥವಾ ಏನೋ ವಿಚಿತ್ರ ಅನ್ನಿಸಿದ್ರೆ ನಿಲ್ಲಿಸಬಹುದಿತ್ತು. ಸುಮಾರು 70% ಜನ ಕನಿಷ್ಠ ಒಂದು ಸಲವಾದ್ರೂ ನಿಲ್ಲಿಸಿದ್ದು ‘ವಿಚಿತ್ರ ಅನ್ನಿಸ್ತು’ ಅನ್ನೋ ಕಾರಣಕ್ಕೆ. ಅದೂ ಸುಮಾರು ಒಂದು ನಿಮಿಷದೊಳಗೆ, 33 ಸಲ ಬರೆಯೋ ಹೊತ್ತಿಗೆ. ಇನ್ನೊಂದು ಪ್ರಯೋಗದಲ್ಲಿ ಇಂಗ್ಲಿಷಿನ ಅತಿ ಸಾಮಾನ್ಯ ಪದ ‘ದಿ’ ಒಂದನ್ನೇ ಬರೆಸಿದ್ರು. ಅಲ್ಲೂ 55% ಜನರಿಗೆ ಹೀಗೇ ಆಯ್ತು. ಈ ಕೆಲಸಕ್ಕೆ 2023ರಲ್ಲಿ ಸಾಹಿತ್ಯ ವಿಭಾಗದ ಇಗ್ ನೊಬೆಲ್ ಬಹುಮಾನ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಬಹುಮಾನ ಅದು.

ವಿಷಯ ಹೊಸದೇನಲ್ಲ. 1907ರಲ್ಲೇ ಅಮೆರಿಕದ ಮಾರ್ಗರೆಟ್ ವಾಶ್‌ಬರ್ನ್ ತಮ್ಮ ವಿದ್ಯಾರ್ಥಿನಿಯೊಬ್ಬರ ಜೊತೆ ಸೇರಿ, ಅಚ್ಚಾದ ಪದವನ್ನು ಮೂರು ನಿಮಿಷ ದಿಟ್ಟಿಸಿದ್ರೆ ಅದು ಚೂರುಚೂರಾಗಿ, ಅರ್ಥ ಕಳಕೊಳ್ಳುತ್ತೆ ಅಂತ ತೋರಿಸಿದ್ದರು. ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದ ಮೊದಲ ಮಹಿಳೆ ಅವರು.

ಫ್ಯಾನ್ ಸದ್ದು ಮತ್ತು ಮೆದುಳು

ಹಾಸ್ಟೆಲ್ ರೂಮಿನ ಫ್ಯಾನ್ ಕಟಕಟ ಅಂತಾನೇ ಇರುತ್ತೆ. ಹತ್ತು ನಿಮಿಷ ಆದ ಮೇಲೆ ಅದು ಕೇಳಿಸೋದೇ ಇಲ್ಲ. ಕರೆಂಟ್ ಹೋದಾಗ ‘ಓ, ಫ್ಯಾನ್ ಇತ್ತು’ ಅಂತ ಗೊತ್ತಾಗೋದು. ಒಂದೇ ಇನ್‌ಪುಟ್ ಬದಲಾಗದೆ ಬರ್ತಾ ಇದ್ರೆ ನರಕೋಶಗಳು ಅದಕ್ಕೆ ಕೊಡೋ ಪ್ರತಿಕ್ರಿಯೆ ಕಮ್ಮಿಯಾಗ್ತಾ ಹೋಗುತ್ತೆ. ಇಸಿ ಗೆಳೆಯರಿಗೆ ಹೇಳೋದಾದ್ರೆ, ಒಂಥರಾ ಹೈಪಾಸ್ ಫಿಲ್ಟರ್: ಬದಲಾವಣೆಯನ್ನ ಒಳಗೆ ಬಿಡುತ್ತೆ, ಡಿಸಿಯನ್ನ ತಡೆಯುತ್ತೆ.

ಪದಗಳ ವಿಷಯದಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಓದುವಾಗ ಕಣ್ಣು ಜಿಗಿಯುತ್ತಾ ಹೋಗುತ್ತೆ, ಒಂದೊಂದು ಕಡೆ ನಿಲ್ಲೋದು ಸುಮಾರು ಕಾಲು ಸೆಕೆಂಡ್. ಅಷ್ಟರಲ್ಲಿ ಆಕಾರ, ಉಚ್ಚಾರ, ಅರ್ಥ, ‘ಇದು ನಂಗೆ ಗೊತ್ತು’ ಅನ್ನೋ ಭಾವನೆ ಎಲ್ಲವೂ ಒಟ್ಟಿಗೆ ಬಂದುಬಿಡುತ್ತೆ. ಒಂದು ಪದವನ್ನ ಹತ್ತು ಸೆಕೆಂಡ್ ದಿಟ್ಟಿಸಿದ್ರಿ ಅಂದ್ರೆ ಅದರ ಮಾಮೂಲಿ ಪಾಲಿನ ನಲವತ್ತು ಪಟ್ಟು ಸಮಯ ಕೊಟ್ಟ ಹಾಗಾಯ್ತು. ನಾನು ಕೊಟ್ಟಿದ್ದು ಅರ್ಧ ಗಂಟೆ!

ಆಗ ಪದದಿಂದ ಅರ್ಥಕ್ಕೆ ಹೋಗೋ ದಾರಿ ದಣಿಯುತ್ತೆ. ಇದಕ್ಕೆ ‘ಸಿಮ್ಯಾಂಟಿಕ್ ಸೇಷಿಯೇಷನ್’ ಅಂತ ಹೆಸರಿಟ್ಟಿದ್ದು 1962ರಲ್ಲಿ, ಲಿಯಾನ್ ಜೇಕೊಬೊವಿಟ್ಸ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ. ಸೇಷಿಯೇಷನ್ ಅಂದ್ರೆ ಹೊಟ್ಟೆ ತುಂಬಿ ಇನ್ನು ಸಾಕು ಅನ್ನಿಸೋ ಸ್ಥಿತಿ. ಮದುವೆ ಊಟದಲ್ಲಿ ಐದನೇ ಹೋಳಿಗೆ ಬಡಿಸೋಕೆ ಬಂದಾಗ ಆಗೋದು.

ಕಿವಿಗೂ ಹೀಗಾಗುತ್ತೆ. ‘ಮರ ಮರ ಮರ’ ಅಂತ ಹೇಳ್ತಾ ಹೇಳ್ತಾ ಅದು ‘ರಾಮ ರಾಮ’ ಆದ ವಾಲ್ಮೀಕಿಯ ಕಥೆ ಅಜ್ಜಿಯಿಂದ ಕೇಳೇ ಇರ್ತೀರಿ. 1958ರಲ್ಲಿ ರಿಚರ್ಡ್ ವಾರನ್ ಮತ್ತು ರಿಚರ್ಡ್ ಗ್ರೆಗರಿ ಇಂಥದ್ದನ್ನೇ ಪ್ರಯೋಗದಲ್ಲಿ ಕಂಡರು. ರೆಕಾರ್ಡ್ ಮಾಡಿದ ಒಂದೇ ಪದವನ್ನ ನಿಲ್ಲಿಸದೆ ಕೇಳಿಸಿದ್ರೆ, ಕೇಳೋರಿಗೆ ಅದು ಬೇರೆ ಬೇರೆ ಪದಗಳಾಗಿ ಕೇಳಿಸುತ್ತೆ. ಟೇಪ್ ಬದಲಾಗಿಲ್ಲ, ಕೇಳೋರ ಮೆದುಳು ಬದಲಾಗಿದೆ.

ಕಂಡಿದ್ದು ಬೇರೆ, ಅನ್ನಿಸಿದ್ದು ಬೇರೆ

ಇಷ್ಟೇ ಆಗಿದ್ರೆ ಪದ ಖಾಲಿ ಖಾಲಿ ಅನ್ನಿಸಬೇಕಿತ್ತು. ‘ತಪ್ಪು’ ಅಂತ ಯಾಕೆ ಅನ್ನಿಸ್ತು?

ಪದವನ್ನ ಗುರುತಿಸೋದು ಒಂದು ಕೆಲಸ. ‘ಇದು ಪರಿಚಿತ’ ಅನ್ನೋ ಭಾವನೆ ಇನ್ನೊಂದು. ಸಾಮಾನ್ಯವಾಗಿ ಎರಡೂ ಜೊತೆಗೇ ಬರೋದ್ರಿಂದ ಬೇರೆ ಬೇರೆ ಅಂತ ನಮಗೆ ಗೊತ್ತಾಗಲ್ಲ. ದಣಿವಿನಿಂದ ಪರಿಚಯದ ಭಾವನೆ ಕುಸಿದಾಗ, ಬುದ್ಧಿ ‘ಗೊತ್ತಿರೋ ಪದ’ ಅನ್ನುತ್ತೆ, ಮನಸ್ಸು ‘ಗೊತ್ತಿಲ್ಲ’ ಅನ್ನುತ್ತೆ. ಈ ಜಗಳವೇ ಜಾಮೇ ವೂ. ಮೌಲಿನ್ ಮತ್ತು ಓಕಾನರ್ ಪ್ರಕಾರ ಇದು ಒಂಥರಾ ಎಚ್ಚರಿಕೆ ಗಂಟೆ: ‘ಕೆಲಸ ತುಂಬಾ ಯಾಂತ್ರಿಕ ಆಯ್ತು, ಸ್ವಲ್ಪ ಹೊರಗೆ ಬಾ’ ಅಂತ ಮೆದುಳು ತನಗೆ ತಾನೇ ಹೇಳಿಕೊಳ್ಳೋದು.

ನಾನು ಆ ಗಂಟೆಯನ್ನ ತಪ್ಪಾಗಿ ಅರ್ಥ ಮಾಡ್ಕೊಂಡೆ. ಅದು ಹೇಳಿದ್ದು ‘ನೀನು ಸುಸ್ತಾಗಿದೀಯ’ ಅಂತ. ನಾನು ಕೇಳಿಸಿಕೊಂಡಿದ್ದು ‘ಕಾಗುಣಿತ ತಪ್ಪಿದೆ’ ಅಂತ. ‘ಧ’ ಹಾಕಿದ ತಕ್ಷಣ ಸರಿ ಅನ್ನಿಸಿದ್ದಕ್ಕೂ ಬಹುಶಃ ಕಾರಣ ಇಷ್ಟೇ: ಆಕಾರ ಸ್ವಲ್ಪ ಬದಲಾಯ್ತು, ಕಣ್ಣಿಗೆ ಹೊಸ ಇನ್‌ಪುಟ್ ಸಿಕ್ತು.

ಬದಲಾಯಿಸಿದ್ದು ‘ದ’ವನ್ನೇ ಯಾಕೆ ಅನ್ನೋದಕ್ಕೂ ಕಾರಣ ಇದೆ. ಆಡುಮಾತಿನಲ್ಲಿ ನಮ್ಮಲ್ಲಿ ಬಹಳ ಜನ ಅಲ್ಪಪ್ರಾಣ, ಮಹಾಪ್ರಾಣ ಬೇರೆ ಮಾಡಿ ಹೇಳಲ್ಲ, ಹಾಗಾಗಿ ಕಿವಿಯ ಸಾಕ್ಷಿ ಸಿಗಲ್ಲ. ಜೊತೆಗೆ ‘ವಿಧ್ಯಾರ್ಥಿ’ ಅನ್ನೋ ತಪ್ಪು ರೂಪವನ್ನ ಬೋರ್ಡು, ಸ್ಟೇಟಸ್ಸು ಅಂತ ಎಲ್ಲೆಲ್ಲೋ ನೋಡಿರ್ತೀವಿ. ಸರಿ ರೂಪದ ಪರಿಚಯ ಮಂಕಾದಾಗ ಮೂಲೆಯಲ್ಲಿದ್ದ ತಪ್ಪು ರೂಪ ಮುಂದೆ ಬಂತು.

ಹಾಗಾದ್ರೆ ಏನ್ ಮಾಡೋದು?

ಪ್ರಾಜೆಕ್ಟ್ ರಿಪೋರ್ಟು, ರೆಸ್ಯೂಮೆ, ಕಾಲೇಜ್ ಫೆಸ್ಟಿನ ಪೋಸ್ಟರು, ಇವೆಲ್ಲ ನಾವು ಫೈನಲ್ ಮಾಡೋದು ರಾತ್ರಿ ಒಂದೂವರೆಗೇ. ಅದಕ್ಕೇ ಈ ಮಾತು.

ಒಂದು, ತುಂಬಾ ಹೊತ್ತು ನೋಡಿದ ಮೇಲೆ ಪದ ವಿಚಿತ್ರ ಅನ್ನಿಸಿದ್ರೆ ಆ ಕ್ಷಣದಲ್ಲಿ ಅದನ್ನ ತಿದ್ದಬೇಡಿ. ಸ್ಕ್ರೀನಿಂದ ಎದ್ದು ನೀರು ಕುಡಿದು ಬನ್ನಿ. ದಣಿವು ತಾತ್ಕಾಲಿಕ, ಪದ ತಾನಾಗೇ ವಾಪಸ್ ಬರುತ್ತೆ.

ಎರಡು, ‘ಅನ್ನಿಸ್ತಿದೆ’ ಬಿಟ್ಟು ಕಾರಣ ಹುಡುಕಿ. ‘ವಿದ್’ ಅಂದ್ರೆ ತಿಳಿ. ಅದರಿಂದ ವಿದ್ಯಾ. ವಿದ್ಯಾ + ಅರ್ಥಿ = ವಿದ್ಯಾರ್ಥಿ, ಸವರ್ಣದೀರ್ಘ ಸಂಧಿ. ವಿದ್ಯೆ ಬಯಸುವವನು. ಇದರಲ್ಲಿ ‘ಧ’ಗೆ ಜಾಗವೇ ಇಲ್ಲ. ಹೈಸ್ಕೂಲಲ್ಲಿ ಉರು ಹೊಡೆದ ವ್ಯಾಕರಣ ಆ ರಾತ್ರಿ ನೆನಪಾಗಿದ್ರೆ ಸಾಕಿತ್ತು. ಅದೂ ಬೇಡ ಅಂದ್ರೆ ನಿಘಂಟು ಇದೆ.

ಮೂರು, ಇನ್ನೊಬ್ಬರ ಕಣ್ಣಿಗೆ ಕೊಡಿ. ರೂಮ್‌ಮೇಟ್‌ಗೆ ತೋರಿಸಿದ್ರೆ ಎರಡು ಸೆಕೆಂಡಿನ ಕೆಲಸ, ಅವನ ‘ವಿದ್ಯಾರ್ಥಿ’ ಇನ್ನೂ ದಣಿದಿರಲ್ಲ. ಕೋಡ್ ರಿವ್ಯೂ ಮಾಡಿಸೋದು ಯಾಕೆ ಅನ್ನೋದಕ್ಕೂ ಅರ್ಧ ಉತ್ತರ ಇದರಲ್ಲೇ ಇದೆ.

ಅನುಮಾನ ಇದ್ರೆ ಇವತ್ತೇ ಒಂದು ಹಾಳೆ ತಗೊಂಡು ‘ಬಾಗಿಲು’ ಅಂತ ಬೇಗ ಬೇಗ ಬರೀತಾ ಹೋಗಿ. ಮೂವತ್ತು ದಾಟೋ ಹೊತ್ತಿಗೆ ಅದು ಬಾಗಿಲಾಗಿ ಉಳಿದಿರುತ್ತಾ ನೋಡಿ.

ಅಂದಹಾಗೆ, ಆ ಬ್ಯಾನರ್‌ನ ‘ಧ’ದ ಸೀಳಿನ ಮೇಲೆ ನಾವು ಬ್ಯಾನರ್ ಬಣ್ಣದ್ದೇ ಟೇಪ್ ಅಂಟಿಸಿದ್ವಿ. ಏಣಿ ಹಿಡ್ಕೊಂಡಿದ್ದು ಸೆಕ್ಯುರಿಟಿ ಅಂಕಲ್. ಈ ಸಲದ ಬ್ಯಾನರ್ ಕೆಲಸವೂ ನನ್ನದೇ. ಫೈಲ್ ಕಳಿಸೋಕೆ ಮುಂಚೆ ಯಾರಿಗೆ ತೋರಿಸ್ತೀನಿ ಅಂತ ಹೇಳಬೇಕಾಗಿಲ್ಲ ಅಲ್ವಾ?