ಹುಳುವಿನ ನರ, ಎತ್ತಿನ ನರ, ನಮ್ಮ ನರ

ಎತ್ತಿನ ಪಕ್ಕೆಯ ಮೇಲೆ ನೊಣ ಕುಳಿತರೆ ಅಲ್ಲಿನ ಚರ್ಮ ಥಟ್ಟನೆ ಅದುರುತ್ತದೆ, ನೊಣ ಹಾರುತ್ತದೆ. ಎತ್ತು ಮಾತ್ರ ಮೇವು ತಿನ್ನುವುದನ್ನು ನಿಲ್ಲಿಸುವುದಿಲ್ಲ. ಎಂ.ಕೆ. ಹುಬ್ಬಳ್ಳಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಎತ್ತಿನ ಮೈ ತೊಳೆಯುವ ರೈತ ಬಾಂಧವರು ಇದನ್ನು ಎಷ್ಟೋ ಸಲ ನೋಡಿದ್ದೀರಿ. ಈ ಅದುರುವಿಕೆ ನರಗಳ ಕೆಲಸ. ಕಬ್ಬು, ಹತ್ತಿ, ಕಡಲೆಗಳಿಗೆ ಎಣ್ಣೆ ಹೊಡೆಯುವವರು ಈ ಕೆಲಸವನ್ನು ಅರಿತಿರುವುದು ಜೀವರಕ್ಷಣೆಗೆ ಅವಶ್ಯ.

ನರಮಂಡಲದ ರಚನೆ

ಎತ್ತಿಗಾಗಲಿ ಮನುಷ್ಯನಿಗಾಗಲಿ ಮಿದುಳು ಮತ್ತು ಬೆನ್ನುಹುರಿ ನರಮಂಡಲದ ಕೇಂದ್ರ. ಮನುಷ್ಯನಲ್ಲಿ ಮಿದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಟು ಮೈಯೆಲ್ಲ ಹರಡಿವೆ. ಕೆಲವು ತಂತುಗಳು ಸುದ್ದಿಯನ್ನು ಒಳಗೆ ತರುತ್ತವೆ, ಕೆಲವು ಅಪ್ಪಣೆಯನ್ನು ಸ್ನಾಯುಗಳಿಗೆ ಒಯ್ಯುತ್ತವೆ. ಕಾದ ಹಂಚು ಮುಟ್ಟಿದಾಗ ಮಿದುಳಿಗೆ ನೋವು ತಿಳಿಯುವ ಮೊದಲೇ ಬೆನ್ನುಹುರಿಯ ಅಪ್ಪಣೆಯಿಂದ ಕೈ ಹಿಂದಕ್ಕೆ ಬರುತ್ತದೆ. ಎತ್ತಿನ ಚರ್ಮ ಅದುರುವುದೂ ಹೀಗೆಯೇ. ಇವಲ್ಲದೆ ಎದೆಬಡಿತ, ಜೊಲ್ಲು, ಕಣ್ಣೀರು, ಬೆವರು, ಕರುಳಿನ ಚಲನೆ ಇವುಗಳನ್ನು ನಮ್ಮ ಇಚ್ಛೆಯನ್ನು ಕೇಳದೆ ನಡೆಸುವ ನರಗಳು ಬೇರೆ ಇವೆ.

ಸುದ್ದಿ ದಾಟುವ ಬಗೆ

ನರತಂತುವಿನೊಳಗೆ ಸುದ್ದಿ ವಿದ್ಯುತ್ತಿನ ಅಲೆಯಾಗಿ ಓಡುತ್ತದೆ. ವೇಗದ ತಂತುಗಳಲ್ಲಿ ಅದು ಸೆಕೆಂಡಿಗೆ ಸುಮಾರು 100 ಮೀಟರ್ ಸಾಗಬಲ್ಲದು. ತಂತುವಿನ ತುದಿಯಲ್ಲಿ ಮಾತ್ರ ಅತಿ ಸಣ್ಣ ಸಂದು ಇದೆ. ಅದನ್ನು ದಾಟಿಸುವುದು ಒಂದು ರಾಸಾಯನಿಕ. ಕಪ್ಪೆಯ ಹೃದಯಗಳ ಮೇಲೆ ಪ್ರಯೋಗ ನಡೆಸಿ ಇದನ್ನು 1921ರಲ್ಲಿ ತೋರಿಸಿದವನು ಓಟೋ ಲೋವಿ. ಆ ರಾಸಾಯನಿಕವೇ ಅಸಿಟೈಲ್‌ಕೋಲೀನ್. ಇದಕ್ಕಾಗಿ ಅವನಿಗೂ ಹೆನ್ರಿ ಡೇಲ್‌ನಿಗೂ 1936ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಮಡಿ ತುಂಬಿದೊಡನೆ ನಾವು ಅದರ ಬಾಯಿ ಕಟ್ಟುತ್ತೇವೆ. ಕಟ್ಟದಿದ್ದರೆ ಬೆಳೆ ಕೊಳೆಯುತ್ತದೆ. ನರದ ತುದಿಯಲ್ಲಿ ಬಾಯಿ ಕಟ್ಟುವ ಕೆಲಸ ಒಂದು ಕಿಣ್ವದ್ದು. ಸುದ್ದಿ ಮುಟ್ಟಿದ ಕೂಡಲೇ ಅದು ಅಸಿಟೈಲ್‌ಕೋಲೀನನ್ನು ಒಡೆದುಹಾಕುತ್ತದೆ.

ವಿಷ ಹಿಡಿಯುವುದು ಇಲ್ಲಿಯೇ

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್ ಮುಂತಾದ ಸಾವಯವ ರಂಜಕ ಕೀಟನಾಶಕಗಳು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಹುಳು ಸಾಯುವುದು ಇದರಿಂದ. ಆದರೆ ಇದೇ ರಾಸಾಯನಿಕ, ಇದೇ ಬಗೆಯ ಕಿಣ್ವ ಎತ್ತಿನಲ್ಲೂ ನಮ್ಮಲ್ಲೂ ಇವೆ. ವಿಷಕ್ಕೆ ಹುಳು ಯಾವುದು, ಒಡೆಯ ಯಾರು ಎಂಬ ಭೇದವಿಲ್ಲ. ಬೆನ್ನ ಮೇಲಿನ ಪಂಪು ಸೋರಿ ಅಂಗಿ ತೊಯ್ದರೂ ಚರ್ಮದ ಮೂಲಕ ಅದು ಒಳಸೇರುತ್ತದೆ.

‘ನಿನ್ನೆ ಹೊಡೆದೆ, ಏನೂ ಆಗಲಿಲ್ಲ’ ಎಂಬ ಧೈರ್ಯ ಬೇಡ. ಕಟ್ಟುಬಿದ್ದ ಕಿಣ್ವದ ಬದಲು ಹೊಸದನ್ನು ದೇಹ ತಯಾರಿಸಲು ವಾರಗಳೇ ಬೇಕು. ಮೂರು ನಾಲ್ಕು ದಿನ ಸತತ ಹೊಡೆದರೆ ಸಾಲದಂತೆ ನಷ್ಟ ಬೆಳೆಯುತ್ತದೆ; ಕೊನೆಯ ದಿನದ ಸ್ವಲ್ಪ ವಿಷವೇ ಆಳನ್ನು ಕೆಡವಬಹುದು.

ಲಕ್ಷಣಗಳು ಮತ್ತು ಉಪಚಾರ

ತಲೆನೋವು, ಬೆವರು, ವಾಂತಿ ಕಂಡಾಗ ಬಿಸಿಲಿನ ಝಳವೆಂದು ಸುಮ್ಮನಿರಬೇಡಿ. ಜೊಲ್ಲು, ಕಣ್ಣೀರು ಸುರಿದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಸ್ನಾಯುಗಳು ತಾವಾಗಿ ಅದುರತೊಡಗಿದರೆ ಅದು ವಿಷದ ಕೆಲಸವೆಂದೇ ತಿಳಿಯಿರಿ. ಮುಂದೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಸಾವು ಬರುವುದು ಹೆಚ್ಚಾಗಿ ಉಸಿರು ಕಟ್ಟಿಯೇ.

1. ರೋಗಿಯನ್ನು ಹೊಲದಿಂದ ಗಾಳಿಯಾಡುವ ಜಾಗಕ್ಕೆ ತನ್ನಿ. ತೊಯ್ದ ಬಟ್ಟೆ ಕಳಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆಯಿರಿ. ಹೀಗೆ ಮಾಡುವಾಗ ನಿಮ್ಮ ಬರಿಗೈಗೆ ವಿಷ ತಾಗದಿರಲಿ.
2. ಹಾಲು, ತುಪ್ಪ ಮದ್ದಲ್ಲ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ.
3. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಔಷಧಿಯ ಡಬ್ಬಿಯ ಚೀಟಿಯೂ ಜೊತೆಗಿರಲಿ. ಅಟ್ರೊಪಿನ್ ಮೊದಲಾದ ಪ್ರತಿವಿಷಗಳನ್ನು ವೈದ್ಯರು ಕೊಡುತ್ತಾರೆ.
4. ದನಕರುಗಳಲ್ಲಿ ಈ ಲಕ್ಷಣ ಕಂಡರೆ ಪಶುವೈದ್ಯರನ್ನು ಕರೆಸಿ. ಎಣ್ಣೆ ಕಲಸಿದ ಬಕೆಟಿನಲ್ಲಿ ಎತ್ತಿಗೆ ನೀರಿಡಬೇಡಿ.

ಹೊಡೆಯುವ ದಿನ ಕೈಗವಸು, ಮುಖವಾಡ, ತುಂಬುತೋಳಿನ ಅಂಗಿ ಧರಿಸಿ, ಗಾಳಿಯ ದಿಕ್ಕು ನೋಡಿ. ಕೈ ತೊಳೆಯದೆ ಎಲೆಅಡಿಕೆ, ತಂಬಾಕು, ಬುತ್ತಿ ಮುಟ್ಟಬೇಡಿ. ಡಬ್ಬಿಯ ಮೇಲಿನ ತ್ರಿಕೋನವನ್ನು ಗಮನಿಸಿ: ಕೆಂಪು ಅತ್ಯಂತ ವಿಷಕಾರಿ, ನಂತರದ್ದು ಹಳದಿ. ಫೋರೇಟ್, ಟ್ರೈಅಜೋಫಾಸ್‌ಗಳನ್ನು 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಯಾರು ಕೊಟ್ಟರೂ ಕೊಳ್ಳಬೇಡಿ. ಒಬ್ಬನೇ ಆಳಿನಿಂದ ದಿನಗಟ್ಟಲೆ ಹೊಡೆಸದೆ ಸರದಿ ಮಾಡಿ.

ಹುಳು ತಿಂದ ಬೆಳೆಯನ್ನು ಮುಂದಿನ ಹಂಗಾಮಿನಲ್ಲಿ ಮತ್ತೆ ಬೆಳೆಯಬಹುದು. ಹೊಡೆದವನು ಮನೆಗೆ ಬರಬೇಕು.