ಹೂ ಬಿಡುವ ಮೊದಲೇ ಗುರುತಿಸಬೇಕಾದ ಕಳೆ

ಮುಂಗಾರಿನ ಹದಮಳೆ ಬಿದ್ದೊಡನೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಶಾಲೆಯ ಅಂಗಳಗಳಲ್ಲಿಯೂ ಮನೆಯ ಹಿತ್ತಲುಗಳಲ್ಲಿಯೂ ಮೊಳೆಯುವ ಹಸಿರಿನ ನಡುವೆ ಪಾರ್ಥೇನಿಯಂ ಎಂಬ ಕಳೆಯೂ ತಲೆಯೆತ್ತುತ್ತದೆ. ಕನ್ನಡದಲ್ಲಿ ಇದನ್ನು ಕಾಂಗ್ರೆಸ್ ಹುಲ್ಲು ಎನ್ನುತ್ತಾರೆ. ಮರಾಠಿಯಲ್ಲಿ ‘ಗಾಜರ ಗವತ’, ಎಂದರೆ ಗಜ್ಜರಿ ಹುಲ್ಲು. ಎರಡು ಹೆಸರುಗಳೂ ದಾರಿ ತಪ್ಪಿಸುವಂಥವು. ಇದು ಹುಲ್ಲೂ ಅಲ್ಲ, ಗಜ್ಜರಿಯೂ ಅಲ್ಲ. ಸೇವಂತಿಗೆ, ಸೂರ್ಯಕಾಂತಿಗಳ ಕುಲಕ್ಕೆ ಸೇರಿದ ಏಕವಾರ್ಷಿಕ ಸಸ್ಯ.

ಇದರ ತವರು ಅಮೆರಿಕ ಖಂಡದ ಉಷ್ಣವಲಯ. 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದ ಈ ಗಿಡ ಇಂದು ದೇಶದ ಬಹುತೇಕ ಭಾಗಗಳಲ್ಲಿ ಹಬ್ಬಿದೆ. ಆಮದು ಗೋಧಿಯೊಡನೆ ಇದರ ಬೀಜ ಬಂದಿತೆಂಬ ಅಭಿಪ್ರಾಯ ಪ್ರಚಲಿತವಾಗಿದೆ.

ಇದರಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕವು ಕೆಲವರ ಚರ್ಮದಲ್ಲಿ ತುರಿಕೆ, ಉರಿ, ಗಂಧೆಗಳನ್ನು ಉಂಟುಮಾಡುತ್ತದೆ. ಪರಾಗವು ಸೀನು, ನೆಗಡಿ, ಉಬ್ಬಸಕ್ಕೆ ಕಾರಣವಾಗಬಲ್ಲದು. ಪದೇ ಪದೇ ಸೋಂಕಿದಂತೆ ಈ ಒಗ್ಗದಿಕೆ ಬೆಳೆಯುವುದುಂಟು. ಆದುದರಿಂದ ಶ್ರಮದಾನದ ದಿನ ಮಕ್ಕಳ ಬರಿಗೈಯಿಂದ ಇದನ್ನು ಕೀಳಿಸುವುದು ಸರ್ವಥಾ ತರವಲ್ಲ. ದನಗಳು ತಿಂದರೆ ಹಾಲು ಕಹಿಯಾಗುತ್ತದೆ. ಹೆಚ್ಚಾಗಿ ತಿಂದರೆ ಅವುಗಳ ಜೀವಕ್ಕೂ ಅಪಾಯ.

ಎಳೆಯ ಗಿಡದ ಎಲೆಗಳು ವೃತ್ತಾಕಾರವಾಗಿ ನೆಲಕ್ಕೆ ಅಂಟಿಕೊಂಡಂತೆ ಹರಡಿರುತ್ತವೆ. ಎಲೆಯ ಅಂಚು ಆಳವಾಗಿ ಸೀಳಿರುತ್ತದೆ. ಮೇಲೆ ನವಿರಾದ ರೋಮಗಳಿರುತ್ತವೆ. ಅನಂತರ ನಡುವಿನಿಂದ ಉದ್ದುದ್ದ ಗೆರೆಗಳುಳ್ಳ ಕಾಂಡವು ಏಳುತ್ತದೆ. ತುದಿಯಲ್ಲಿ ಕವಲೊಡೆದು ಗುಂಡುಸೂಜಿಯ ತಲೆಗಿಂತ ತುಸು ದೊಡ್ಡದಾದ, ಐದು ಮೂಲೆಗಳುಳ್ಳ ಬಿಳಿಯ ಹೂಗಳನ್ನು ತಳೆಯುತ್ತದೆ.

ಹೂವಿಲ್ಲದಾಗ ಇದನ್ನು ಚೆಂಡುಹೂವಿನ ಸಸಿಯೆಂದು ಭ್ರಮಿಸುವುದು ಸಹಜ. ಚೆಂಡುಹೂವಿನ ಎಲೆಗಳು ಕಾಂಡದ ಮೇಲೆ ಸಾಮಾನ್ಯವಾಗಿ ಎದುರುಬದುರಾಗಿರುತ್ತವೆ, ಕಟುವಾದ ಪರಿಮಳವೂ ಉಂಟು. ಪಾರ್ಥೇನಿಯಂ ಎಲೆಗಳಾದರೋ ಒಂದಾದ ಮೇಲೊಂದು ಬದಲಿ ಬದಲಿಯಾಗಿ ಮೂಡುತ್ತವೆ. ಸಂಶಯವಿದ್ದಾಗ ಎಲೆಯನ್ನು ಉಜ್ಜಿ ಮೂಸಿ ನೋಡಬಾರದು, ಕಣ್ಣಿನಿಂದಲೇ ಪರೀಕ್ಷಿಸಬೇಕು.

ಅನುಕೂಲ ಹವೆಯಲ್ಲಿ ಮೊಳೆತ ಒಂದೆರಡು ತಿಂಗಳೊಳಗೇ ಈ ಗಿಡ ಹೂ ಬಿಡುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡ 10,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಗಾಳಿ, ನೀರು, ವಾಹನಗಳ ಗಾಲಿ, ಕಾಲಿಗಂಟಿದ ಕೆಸರು ಇವೆಲ್ಲವೂ ಆ ಬೀಜಗಳಿಗೆ ವಾಹಕಗಳೇ. ಆದಕಾರಣ ಹೂವು ಕಾಣಿಸುವ ಮೊದಲೇ, ನೆಲ ಹಸಿಯಾಗಿರುವಾಗ, ದೊಡ್ಡವರು ಕೈಗವಸು ಹಾಕಿ, ತುಂಬುತೋಳಿನ ಅಂಗಿ ತೊಟ್ಟು, ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು ಬೇರುಸಹಿತ ಕೀಳಬೇಕು. ಮೇಲ್ಭಾಗವನ್ನಷ್ಟೇ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂವಿಲ್ಲದ ಗಿಡಗಳನ್ನು ಗೊಬ್ಬರದ ಗುಂಡಿಗೆ ಸೇರಿಸಬಹುದು. ಬೀಜ ಕಟ್ಟಿದವುಗಳನ್ನು ಸೇರಿಸಲಾಗದು.

ಕಿತ್ತ ಜಾಗವನ್ನು ಬರಿದಾಗಿ ಬಿಟ್ಟರೆ ಕಳೆ ಮರಳಿ ಬರುತ್ತದೆ. ಅಲ್ಲಿ ತಗಚೆಯಂತಹ ದಟ್ಟವಾಗಿ ಬೆಳೆಯುವ ಗಿಡಗಳನ್ನು ಬೆಳೆಸಿದರೆ ಅದು ತಲೆಯೆತ್ತುವುದು ಕಡಿಮೆ. 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾದ ಮೆಕ್ಸಿಕೋ ಮೂಲದ ಜೀರುಂಡೆಯೂ ಮಳೆಗಾಲದಲ್ಲಿ ಇದರ ಎಲೆಗಳನ್ನು ತಿನ್ನುತ್ತದೆ. ಮಾಸಲು ಬಿಳಿಯ ಮೈಮೇಲೆ ಕಂದು ಪಟ್ಟೆಗಳುಳ್ಳ ಆ ಚಿಕ್ಕ ಕೀಟ ಕಂಡರೆ ಕೊಲ್ಲಬಾರದು.

ಮಕ್ಕಳ ಪಾಲಿನ ಕೆಲಸ ಕೀಳುವುದಲ್ಲ, ಗುರುತಿಸುವುದು. ನೆಲಕ್ಕಂಟಿದ ಎಳೆಯ ಗಿಡವನ್ನು ದೂರದಿಂದ ಕಂಡು ದೊಡ್ಡವರಿಗೆ ತೋರಿಸಿದರೆ, ಅದು ಬೀಜವಾಗುವ ಮೊದಲೇ ತೊಲಗೀತು.