ನಿಮಗಿದು ಗೊತ್ತೆ? ಕಲ್ಯಾಣಿಯ ಮೆಟ್ಟಿಲು ಬರೀ ಅಲಂಕಾರವಲ್ಲ

ಮೆಟ್ಟಿಲುಬಾವಿ ಎಂದೊಡನೆ ಹಲವರಿಗೆ ನೆನಪಾಗುವುದು 100 ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಗುಜರಾತಿನ ರಾಣಿ ಕಿ ವಾವ್. ನಮ್ಮಲ್ಲೂ ಆ ಜಾಣ್ಮೆಗೆ ಕೊರತೆಯಿರಲಿಲ್ಲ. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮಾಣಿಕೇಶ್ವರ ಗುಡಿಗೆ ಅಂಟಿಕೊಂಡಿರುವ ಮುಸುಕಿನ ಬಾವಿ ಕಲ್ಯಾಣ ಚಾಲುಕ್ಯರ ಕಾಲದ್ದು. ಮೂರು ದಿಕ್ಕಿನಿಂದಲೂ ಇಳಿಯಬಹುದು, ಮೆಟ್ಟಿಲ ನಡುವೆ ಪುಟ್ಟ ಗೂಡುಗಳಿವೆ. ಇದೆಲ್ಲ ಪೂಜೆಗೆ, ಪುಣ್ಯಸ್ನಾನಕ್ಕೆ ಕಟ್ಟಿದ್ದಲ್ಲವೇ ಎಂದು ಕೇಳಬಹುದು. ಪೂಜೆಗೂ ಹೌದು. ಆದರೆ ಮಳೆಗಾಲದಲ್ಲಿ ಮೇಲೇರಿ ಬೇಸಿಗೆಯಲ್ಲಿ ತಳ ಹಿಡಿಯುವ ನೀರನ್ನು ವರ್ಷವಿಡೀ ಕೈಯಾರೆ ಕೊಡದಲ್ಲಿ ಮೊಗೆಯಬೇಕಾದರೆ ಮೆಟ್ಟಿಲು ಬೇಕೇ ಬೇಕು. ಹಂತಹಂತವಾಗಿ ಕಟ್ಟಿದ ಕಲ್ಲು ಸುತ್ತಲಿನ ಮಣ್ಣು ಕುಸಿಯದಂತೆಯೂ ತಡೆಯುತ್ತದೆ. ಭಕ್ತಿ ಮತ್ತು ಬಳಕೆಯನ್ನು ಬೇರ್ಪಡಿಸುವುದು ನಮ್ಮ ಕಾಲದ ಅಭ್ಯಾಸ, ಕಟ್ಟಿದವರದಲ್ಲ.

ಹಂಪಿಯ ರಾಜಾವರಣದ ಪುಷ್ಕರಣಿ ನೀರಿನ ಏರಿಳಿತದ ಮಾತಿಗೆ ಅಪವಾದದಂತೆ ಕಾಣುತ್ತದೆ. ಅದಕ್ಕೆ ನೀರು ಬರುತ್ತಿದ್ದುದು ನೆಲದಡಿಯಿಂದಲ್ಲ, ಕಲ್ಲಿನ ಮೇಲ್ಗಾಲುವೆಯಿಂದ. ಆದರೂ ಲೆಕ್ಕಾಚಾರ ಅಲ್ಲೇ ಹೆಚ್ಚು ನಿಚ್ಚಳ. 1980ರ ದಶಕದ ಉತ್ಖನನದಲ್ಲಿ ಹೊರಬಂದ ಅದರ ಕಪ್ಪುಕಲ್ಲುಗಳನ್ನು ಹತ್ತಿರದಿಂದ ನೋಡಿ: ಯಾವ ದಿಕ್ಕು, ಯಾವ ಸಾಲು, ಯಾವ ಜಾಗ ಎಂಬ ಗುರುತುಗಳನ್ನು ಕೊರೆದಿದ್ದಾರೆ. ಅಂದರೆ ಇಡೀ ಕೊಳವನ್ನು ಮೊದಲೇ ಅಳೆದು, ಕಲ್ಲು ಕಡೆದು, ಆಮೇಲೆ ತಂದು ಜೋಡಿಸಿದ್ದಾರೆ. ಎಂಥ ಶಿಸ್ತು! ಕೊಳವೆಬಾವಿ, ನಲ್ಲಿಗಳ ಕಾಲದಲ್ಲಿ ಇವು ಬರೀ ಸ್ಮಾರಕಗಳು ಎನ್ನುವವರು ಬೆಂಗಳೂರಿನ ಮಲ್ಲೇಶ್ವರಕ್ಕೆ ಹೋಗಿಬರಲಿ. ಕಾಡುಮಲ್ಲೇಶ್ವರ ಗುಡಿಯ ಎದುರಿನ ನಂದಿತೀರ್ಥ ಮಣ್ಣಿನಡಿ ಹೂತಿತ್ತು. 1990ರ ದಶಕದ ಕೊನೆಯಲ್ಲಿ ಅಗೆದು ತೆಗೆದರು. ನಂದಿಯ ಬಾಯಿಂದ ಲಿಂಗದ ಮೇಲೆ ಬೀಳುವ ನೀರು ಇಂದಿಗೂ ನಡುವಿನ ಕಲ್ಯಾಣಿಯನ್ನು ಸೇರುತ್ತಿದೆ.